ಬಿಸಿಲನ್ನು ನಂಬಿದ ಮಳೆಮಾಪಕ

ಮಳೆಯನ್ನು ಅಳೆಯುವ ಯಂತ್ರಕ್ಕೆ ಬಿಸಿಲೇ ಆಹಾರವೆಂದರೆ ಯಾರಿಗಾದರೂ ನಗು ಬಾರದೆ ಇರದು. ಆದರೂ ಮಲೆನಾಡಿನ ಪಂಚಾಯಿತಿ ಕಟ್ಟಡಗಳ ಬಳಿ ನಿಂತಿರುವ ಸ್ವಯಂಚಾಲಿತ ಮಳೆಮಾಪಕದ ಬಾಳು ಇಂಥದೇ. ಮೇಲೊಂದು ಸೌರಫಲಕ, ಒಳಗೊಂದು ಬ್ಯಾಟರಿ. ಬಿಸಿಲಿದ್ದಾಗ ಉಂಡು, ಮೋಡವಿದ್ದಾಗ ಉಪವಾಸವಿದ್ದು, ಆ ಉಪವಾಸದ ದಿನಗಳಲ್ಲಿಯೇ ಹೆಚ್ಚು ದುಡಿಯಬೇಕಾದ ಬಡಜೀವ ಅದು.

ತೀರ್ಥಹಳ್ಳಿಯ ಕಡೆಯ ಒಂದು ಊರಿನಲ್ಲಿ ಪಂಚಾಯಿತಿಯ ಹಿತ್ತಲಿಗೂ ಒಬ್ಬ ಬೆಳೆಗಾರರ ಅಡಿಕೆ ತೋಟಕ್ಕೂ ಒಂದೇ ಬೇಲಿ. ಬೇಲಿಯಾಚೆಯ ಯಂತ್ರದ ಮೇಲೆ ಯಜಮಾನರಿಗೆ ಅಕ್ಕರೆ ಹುಟ್ಟಲು ಕಾರಣವಿತ್ತು. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಉದುರಿದ ಕಾಯಿಗಳನ್ನೆಣಿಸಿ ಅಲ್ಲ, ದಾಖಲಾದ ಮಳೆಯನ್ನು ನೋಡಿ. ಬಿಡದೆ ಸುರಿದ ಮಳೆಗೆ ಕೊಳೆರೋಗ ತಗುಲಿ ಗೊನೆ ಬರಿದಾದರೂ, ಆ ಮಳೆ ಮೊದಲು ಲೆಕ್ಕದ ಪುಸ್ತಕದಲ್ಲಿ ಬಿದ್ದಿರಬೇಕು.

2019ರ ಆಗಸ್ಟ್ ತಿಂಗಳಲ್ಲಿ ಮಲೆನಾಡಿನ ಮೇಲೆ ಮುಗಿಲೇ ಹರಿದು ಬಿದ್ದಂತಾಯಿತು. ಅದೇ ಸಮಯಕ್ಕೆ ಯಂತ್ರ ಮೂಕವಾಯಿತು. ಒಂಬತ್ತು ದಿನ ಒಂದು ಅಂಕಿಯೂ ಹೊರಬರಲಿಲ್ಲ. ಹತ್ತನೆಯ ದಿನ ಮಳೆಯಂಗಿ ತೊಟ್ಟ ತರುಣನೊಬ್ಬ ಬಂದು ಪೆಟ್ಟಿಗೆ ತೆರೆದು ನೋಡಿದ. 12 ವೋಲ್ಟಿನ ಬ್ಯಾಟರಿ 10ಕ್ಕಿಂತಲೂ ಕೆಳಗಿಳಿದಿತ್ತು.

ಯಜಮಾನರು ಕೋಪದಿಂದ ಮಾತೇ ಆಡಲಿಲ್ಲ. ಅವರ ವೃದ್ಧ ತಾಯಿ ಮಾತ್ರ ತರುಣನನ್ನು ಜಗಲಿಗೆ ಕರೆದು, ಕಷಾಯ ಕೊಟ್ಟು ಕೇಳಿದರು:

“ಇಷ್ಟು ದಿನ ಅದು ಏನು ಮಾಡುತ್ತಿತ್ತು, ತಮ್ಮಾ?”

“ಕೂಗುತ್ತಿತ್ತು, ಅಮ್ಮಾ. ಕರೆಂಟು ಹೋಗಿ ಮೊಬೈಲ್ ಟವರ್ ಸತ್ತಿದೆ. ಕೇಳುವವರಿಲ್ಲವೆಂದು ಇದಕ್ಕೆ ತಿಳಿಯದು. ಕೂಗಿ ಕೂಗಿ ಕಸುವು ಕಳೆದುಕೊಂಡಿತು.”

ತರುಣನ ಮಾತಿನಲ್ಲಿ ಇಡೀ ಶಾಸ್ತ್ರದ ತಿರುಳಿತ್ತು. ಮಳೆಯನ್ನು ಅಳೆಯಲು ಈ ಯಂತ್ರಕ್ಕೆ ಹೆಚ್ಚು ಶಕ್ತಿ ಬೇಡ. ಒಳಗೆ ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿವೆ. ಒಂದು ತುಂಬಿದೊಡನೆ ನೀರಿನ ಭಾರಕ್ಕೆ ತಾನೇ ಮಗುಚಿ ಮತ್ತೊಂದನ್ನು ಮುಂದೊಡ್ಡುತ್ತದೆ. ಪ್ರತಿ ಮಗುಚಿಗೂ ಅಯಸ್ಕಾಂತವೊಂದು ಸ್ವಿಚ್ಚಿನ ಬಳಿ ಹಾದು ಎಣಿಕೆ ಏರುತ್ತದೆ. ಆ ಎಣಿಕೆಯನ್ನು ಬರೆದಿಡುವುದಕ್ಕೂ ಹಿಡಿ ಶಕ್ತಿ ಸಾಕು. ದುಬಾರಿಯಾದದ್ದು ಮಾತು, ಎಂದರೆ ಅಂಕಿಗಳನ್ನು ದೂರದ ಕಚೇರಿಗೆ ಕಳುಹಿಸುವುದು.

ಲೆಕ್ಕ ಹಾಕಿ ನೋಡಬಹುದು. ಬ್ಯಾಟರಿ 7 ಆಂಪಿಯರ್-ಗಂಟೆಯದೆನ್ನೋಣ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ಬರಿದಾಗಿಯೇ ಬಿಟ್ಟರೆ ಫಲಕಗಳ ಮೇಲೆ ಗಟ್ಟಿ ಹರಳು ಕಟ್ಟಿ ಮುಂದೆ ತುಂಬಿಸಿದರೂ ತುಂಬದು. ಆದ್ದರಿಂದ ಕೈಗೆ ಬರುವುದು ಮೂರೂವರೆ. ಯಂತ್ರ ಸದಾ ಎಚ್ಚರವಿದ್ದು 100 ಮಿಲಿಆಂಪಿಯರ್ ಕುಡಿಯುತ್ತಿದ್ದರೆ ಅಷ್ಟೂ 35 ಗಂಟೆಗಳಲ್ಲಿ ಮುಗಿಯುತ್ತದೆ. ನಿದ್ರಿಸುತ್ತಿದ್ದು, ಹದಿನೈದು ನಿಮಿಷಕ್ಕೊಮ್ಮೆ ಎದ್ದು, ಅರ್ಧ ನಿಮಿಷ 200 ಮಿಲಿಆಂಪಿಯರ್ ವ್ಯಯಿಸಿ ಮಾತನಾಡಿದರೆ, ಬಿಸಿಲಿಲ್ಲದೆಯೂ ಸುಮಾರು ಮೂರು ವಾರ ಬಾಳುತ್ತದೆ. ಗಂಟೆಗೊಮ್ಮೆ ಮಾತ್ರ ಮಾತನಾಡಿದರೆ ಸುಮಾರು 85 ದಿನ! ಬ್ಯಾಟರಿ ಬೆಳೆಯಲಿಲ್ಲ, ಬಾಯಿ ಕಡಿಮೆಯಾಯಿತು, ಅಷ್ಟೆ.

ಇದನ್ನು ಕೇಳಿ ಅಜ್ಜಿ ನಕ್ಕರು. “ಮಳೆಗಾಲಕ್ಕೆ ಸೌದೆ ಕೂಡಿಡುವವರಿಗೆ ಇದನ್ನು ಹೇಳಿಕೊಡಬೇಕೆ? ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲ ವೈಶಾಖದಲ್ಲಿಯೇ ಅಟ್ಟ ಸೇರಬೇಕು. ಆಮೇಲೆ ನೆಂಟರು ಬಂದರೆಂದು ಒಂದೇ ದಿನ ಸುಟ್ಟು ಮುಗಿಸಬಾರದು.”

ತರುಣ ಹೊಸ ಬ್ಯಾಟರಿ ಜೋಡಿಸಿದ. ಸೌರಫಲಕದ ಪಾಚಿಯನ್ನು ಒರೆಸಿದ. ಮೂಲೆಗೆ ನೆರಳು ಬೀಳಿಸುತ್ತಿದ್ದ ಕೊಂಬೆಯನ್ನು ಕಡಿಸಿದ, ಏಕೆಂದರೆ ಫಲಕದ ಒಂದು ಭಾಗಕ್ಕೆ ನೆರಳಾದರೂ ಉಳಿದುದರ ದುಡಿಮೆ ಕುಸಿಯುತ್ತದೆ. ಬಳಿಕ ಯಂತ್ರಕ್ಕೆ ಹೊಸ ಕಟ್ಟಳೆಗಳನ್ನು ವಿಧಿಸಿದ. ಗಂಟೆಗೊಮ್ಮೆ ಮಾತು. ಟವರ್ ಮೂರು ಸಲ ಓಗೊಡದಿದ್ದರೆ ಮುಂದಿನ ಗಂಟೆಯವರೆಗೆ ನಿದ್ರೆ. ಮಳೆ ಮಿತಿಮೀರಿದಾಗ ಮಾತ್ರ ಹೊಳೆದಂಡೆಯವರಿಗಾಗಿ ಕಾಯದೆ ಕೂಗಬೇಕು. ವಿದ್ಯುತ್ತು 11.8 ವೋಲ್ಟಿಗೆ ಇಳಿದರೆ ಮಾತನ್ನು ಪೂರ್ಣ ನಿಲ್ಲಿಸಿ, ಉಳಿದ ಶಕ್ತಿಯನ್ನೆಲ್ಲ ಬರವಣಿಗೆಗೆ ಮೀಸಲಿಡಬೇಕು. ಆಡದ ಮಾತನ್ನು ನಾಳೆ ಆಡಬಹುದು. ಬರೆಯದ ಮಳೆಯನ್ನು ನಾಳೆ ಅಳೆಯಲಾಗದು.

ಮರುವರ್ಷದ ಮಳೆಯಲ್ಲಿಯೂ ಟವರ್ ಐದು ದಿನ ನಿದ್ರಿಸಿತು. ಊರಿನವರು ಮತ್ತೆ ಕಂಗಾಲಾದರು. ಆರನೆಯ ದಿನ ಕರೆಂಟು ಬಂದಾಗ ಯಂತ್ರ ಗಂಟೆ ಗಂಟೆಯ ಲೆಕ್ಕವನ್ನೂ ತಪ್ಪದೆ ಒಪ್ಪಿಸಿತು. ಅಂದಿನಿಂದ ಯಜಮಾನರು ಪ್ರತಿ ವೈಶಾಖದಲ್ಲಿ ಸೌದೆಯನ್ನು ಅಟ್ಟಕ್ಕೇರಿಸಿದ ಮೇಲೆ, ಪಂಚಾಯಿತಿಯವರಿಗೆ ಹೇಳಿ, ಒದ್ದೆ ಬಟ್ಟೆ ಹಿಡಿದು ಬೇಲಿ ದಾಟುತ್ತಾರೆ.

ಆದರೆ 2019ರ ಆ ಒಂಬತ್ತು ದಿನಗಳ ಸಾಲು ಲೆಕ್ಕದಲ್ಲಿ ಇಂದಿಗೂ ಬರಿದಾಗಿಯೇ ಇದೆ. ಆ ಮಳೆಗೆ ಈಗ ಉಳಿದಿರುವ ಸಾಕ್ಷಿ, ತೋಟದಲ್ಲಿ ಕೊಳೆತ ಕಾಯಿಗಳನ್ನು ಆರಿಸಿದವರ ನೆನಪೊಂದೇ.