ಮೂಗು ಒಪ್ಪಿದ ಮೇಲೆ

ಪುಣ್ಯಕೋಟಿಯ ಹಾಡನ್ನು ಶಾಲೆಯಲ್ಲಿ ಕಲಿತವರಿಗೆಲ್ಲ ಹುಲಿಯ ಗವಿ ನೆನಪಿರುತ್ತದೆ. ನನಗೆ ಅದಕ್ಕಿಂತ ಇಷ್ಟ ಹಟ್ಟಿಯೊಳಗಿನ ಭಾಗ. ಕೊಟ್ಟ ಮಾತು ಉಳಿಸಲು ಹೊರಟ ಹಸು ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ ಬೇಡಿಕೊಳ್ಳುತ್ತದಲ್ಲ, ಆ ಬೇಡಿಕೆಯಲ್ಲಿ ಕೊಂಬಿನ ಭಯವೂ ಇದೆ, ಕಾಲಿನ ಭಯವೂ ಇದೆ. ಹಾಡು ಕಟ್ಟಿದವರು ಯಾರೇ ಇರಲಿ, ಹಟ್ಟಿಯಲ್ಲಿ ನಿಂತು ನೋಡಿದವರೇ. ಇನ್ನೊಂದರ ಕರು ಎದುರು ಬಂದರೆ ಹಸು ಕೊಂಬು ಬಗ್ಗಿಸುತ್ತದೆ, ಕೆಚ್ಚಲಿಗೆ ಬಾಯಿ ಹಾಕಿದರೆ ಹಿಂಗಾಲು ಬೀಸುತ್ತದೆ. ಮಾತಿನಲ್ಲಿ ಒಪ್ಪಿಸಿದಷ್ಟು ಸುಲಭವಾಗಿ ಹಸುವಿನ ಮೂಗನ್ನು ಒಪ್ಪಿಸಲು ಬರುವುದಿಲ್ಲ.

ಕರು ನೆಲಕ್ಕೆ ಬಿದ್ದ ಕೂಡಲೇ ಅದರ ಮೈಯ ಲೋಳೆಯನ್ನು ತಾಯಿ ನೆಕ್ಕಿ ಒಣಗಿಸುವಾಗಲೇ ವಾಸನೆಯ ಗುರುತು ಹತ್ತುತ್ತದೆ. ಹೆರಿಗೆಯ ನೋವಿನೊಂದಿಗೆ ಮೈಯಲ್ಲಿ ಉಕ್ಕುವ ಆಕ್ಸಿಟೋಸಿನ್ ಎಂಬ ಹಾರ್ಮೋನು ತಾಯಿಯನ್ನು ಕರುವಿನ ಕಡೆಗೆ ಒಲಿಸುತ್ತದೆ. ಮುಂದೆ ಕರು ಚೀಪಿದಾಗ ಹಾಲು ಇಳಿಸುವುದೂ ಅದೇ. ಆ ಮೊದಲ ಗಂಟೆಗಳು ಕಳೆದ ಮೇಲೆ ತಬ್ಬಲಿಯನ್ನು ತಂದು ನಿಲ್ಲಿಸಿದರೆ, ಹಸುವಿನ ಮಟ್ಟಿಗೆ ಅದು ಬರೀ ಹೊರಗಿನದು.

ಬೆಳ್ತಂಗಡಿಯಲ್ಲಿ ಘಟ್ಟದ ಬುಡಕ್ಕಿರುವ ನಮ್ಮಂಥ ಊರುಗಳಲ್ಲಿ ಕರು ತಬ್ಬಲಿಯಾಗುವುದು ಅಪರೂಪವಲ್ಲ. ಗುಡ್ಡೆಗೆ ಮೇಯಲು ಹೋದ ದನ ಚಿರತೆಯ ಬಾಯಿಗೆ ಬೀಳಬಹುದು. ಹೆಚ್ಚು ಹಾಲಿನ ಹಸುಗಳಿಗೆ ಕರು ಹಾಕಿದ ಬೆನ್ನಿಗೇ ರಕ್ತದ ಕ್ಯಾಲ್ಸಿಯಂ ಕುಸಿದು ಹಾಲುಜ್ವರ ಬರುತ್ತದೆ. ಡಾಕ್ಟ್ರು ಬರುವುದು ತಡವಾದರೆ ಮಲಗಿದ ಹಸು ಏಳುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ಎಷ್ಟೋ ಹಟ್ಟಿಗಳನ್ನು ಬರಿದು ಮಾಡಿತು.

ನಮ್ಮ ದೊಡ್ಡಮ್ಮನ ಹಟ್ಟಿಯಲ್ಲಿ ಕರುವನ್ನು ತಬ್ಬಲಿ ಮಾಡಿ ತೀರಿಕೊಂಡದ್ದು ಮಲೆನಾಡು ಗಿಡ್ಡ, ನಮ್ಮ ಬಾಯಲ್ಲಿ ಊರ ದನ. ಆಳೆತ್ತರಕ್ಕೆ ಎಷ್ಟೋ ಕೆಳಗೆ ನಿಲ್ಲುವ ಈ ಜಾತಿ ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಟ್ಟರೆ ಹೆಚ್ಚು, ಅದೂ ಕರು ಕಣ್ಣೆದುರು ಇದ್ದರೆ ಮಾತ್ರ ಸೊರೆ ಬಿಡುತ್ತದೆ. ಪುಣ್ಯಕ್ಕೆ ಕರು ತಾಯಿಯ ಗಿಣ್ಣು ಹಾಲು ಕುಡಿದಿತ್ತು. ಬಸಿರಲ್ಲಿ ತಾಯಿಯಿಂದ ಕರುವಿಗೆ ರೋಗನಿರೋಧಕಗಳು ದಾಟುವುದಿಲ್ಲ. ಗಿಣ್ಣಿನಲ್ಲೇ ಬರಬೇಕು, ಅದನ್ನು ಹೀರಿಕೊಳ್ಳುವ ಶಕ್ತಿ ಕರುಳಿಗಿರುವುದು ಮೊದಲ ದಿನ ಮಾತ್ರ. ಪಕ್ಕದ ಗೂಟದಲ್ಲಿ ಜೆರ್ಸಿ ಮಿಶ್ರ ತಳಿಯ ಹಸುವೊಂದು ಆಗಷ್ಟೇ ಕರು ಹಾಕಿತ್ತು. ಎರಡು ಹೊಟ್ಟೆಗೆ ಸಾಲುವಷ್ಟು ಹಾಲು ಅದಕ್ಕಿತ್ತು.

ಬಾಲ್ದಿಯಲ್ಲಿ ಕುಡಿಸಬಹುದಿತ್ತು. ಬಂಟ್ವಾಳದಲ್ಲಿ ನೇತ್ರಾವತಿ ದಡದ ತೋಟದಲ್ಲಿರುವ ನಮ್ಮ ನೆಂಟರು ಹಾಗೇ ಮಾಡುತ್ತಾರೆ: ಹಾಲಿನಲ್ಲಿ ಕೈ ಮುಳುಗಿಸಿ, ಬೆರಳು ಚೀಪಿಸುತ್ತ ಕರುವಿನ ಮೂತಿಯನ್ನು ಮೆಲ್ಲಗೆ ಹಾಲಿಗಿಳಿಸುವುದು. ಎರಡು ಹೊತ್ತು ಸೊಸೈಟಿಗೆ ಹಾಲು ಹೋಗುವ ಮನೆಗಳಲ್ಲಿ ಅದು ಬೇಕಾದದ್ದೇ. ಆದರೆ ಕತ್ತು ಚಾಚಿ ಮೊಲೆ ಚೀಪುವಾಗ ಕರುವಿನ ಗಂಟಲಿನಾಚೆಯ ಒಂದು ಮಡಿಕೆ ಕೊಳವೆಯಾಗಿ, ಹಾಲನ್ನು ನೇರ ನಾಲ್ಕನೆಯ ಹೊಟ್ಟೆಗೆ ದಾಟಿಸುತ್ತದೆ. ತಲೆ ತಗ್ಗಿಸಿ ಗಟಗಟ ಕುಡಿದರೆ ಹಾಲು ಮೊದಲ ಹೊಟ್ಟೆಗೆ ಬಿದ್ದು ಹುಳಿಯಾಗಿ ಭೇದಿ ಹಿಡಿಯಬಹುದು. ದೊಡ್ಡಮ್ಮನಿಗೆ ಈ ಅಂಗರಚನೆ ಗೊತ್ತಿರಲಿಲ್ಲ. ಬಾಲ್ದಿ ಕರುಗಳ ಭೇದಿ ಗೊತ್ತಿತ್ತು.

ಅವಳು ಜೆರ್ಸಿಯ ಹಾಲನ್ನೇ ಕರೆದು ತಬ್ಬಲಿಯ ನೆತ್ತಿಗೆ, ಬೆನ್ನಿಗೆ, ಬಾಲದ ಬುಡಕ್ಕೆ ಸವರಿದಳು. ಮೇಲೆ ಉಪ್ಪು ಬೆರೆಸಿದ ತೌಡು ಉದುರಿಸಿದಳು. ಉಪ್ಪಿನ ಆಸೆಗೆ ಹಸು ಒಮ್ಮೆ ನೆಕ್ಕಿತು, ಮೂಸಿತು, ಮೂತಿ ತಿರುಗಿಸಿತು. ಅದರ ಸ್ವಂತ ಕರುವನ್ನು ಒಂದು ಮಗ್ಗುಲಿಗೆ ಬಿಟ್ಟು ಸೊರೆ ಇಳಿದ ಮೇಲೆ ತಬ್ಬಲಿಯನ್ನು ಹಿಂದಿನಿಂದ ಬಿಟ್ಟಳು. ಹಾಲು ಕದಿಯುವ ಕರುಗಳು ತಾವಾಗಿಯೇ ಹಿಡಿಯುವ ದಾರಿ ಅದು, ಹಸುವಿನ ಹಿಂಗಾಲುಗಳ ನಡುವೆ. ತನ್ನ ಕರುವಾದರೆ ತಾಯಿಯ ಮಗ್ಗುಲಲ್ಲಿ ತಿರುವುಮುರುವಾಗಿ ನಿಲ್ಲುತ್ತದೆ, ಕುಡಿಯುವಷ್ಟು ಹೊತ್ತೂ ತಾಯಿ ಅದರ ಬಾಲದಡಿಯನ್ನು ಮೂಸುತ್ತಿರುತ್ತದೆ. ಕಳ್ಳ ಕರುವಿಗೆ ಆ ಧೈರ್ಯವೆಲ್ಲಿ?

ಒದೆ ಬಿತ್ತು. ನಾನು ಹಸುವಿನ ಕಾಲಿಗೆ ಹಗ್ಗ ಹಾಕಲು ಹೋದೆ.

"ನೀನು ನಡುವೆ ನಿಂತ್ರೆ ಅದಕ್ಕೆ ನಿನ್ನ ವಾಸನೆ ಬರ್ತದೆ, ಕರುವಿದ್ದಲ್ಲ. ಆಚೆ ನಿಲ್ಲು ಮಗಾ," ಎಂದಳು ದೊಡ್ಡಮ್ಮ. ಅಕ್ಕಚ್ಚಿಗೆ ಹಿಂಡಿ ಕಲಸಿ ಹಸುವಿನ ಮುಂದಿಟ್ಟು ಅದರ ಗಂಗೆದೊಗಲು ತುರಿಸುತ್ತ ನಿಂತಳು.

ಅದೇ ಹಾಲು ಕೆಲವು ದಿನ ತಬ್ಬಲಿಯ ಹೊಟ್ಟೆಯಲ್ಲಿ ಹಾದುಹೋದರೆ ಅದರ ಸಗಣಿಗೂ ಮೈಗೂ ಹಸು ಗುರುತಿಸುವ ವಾಸನೆ ಬರುತ್ತದೆ ಎಂದು ಅನುಭವಿಗಳು ಹೇಳುತ್ತಾರೆ. ಹಾಗೆ ನೋಡಿದರೆ ಹಾಲೂಡಿದ್ದಕ್ಕೇ ಹಸು ತಾಯಿಯಾಗುತ್ತದೆ. ಈ ಮಾತು ನನಗೆ ಬಹಳ ಹಿಡಿಸಿದೆ.

ಬ್ರಿಟನ್ನಿನ ಕುರಿಗಾರರೂ ಅಮೆರಿಕದ ದನಗಾಹಿಗಳೂ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಗೆ ಹೊದೆಸುತ್ತಾರೆ. ತಾಯಿ ಮೂಸಿ ತನ್ನದೆಂದು ಬಿಟ್ಟುಕೊಳ್ಳುತ್ತದೆ. ನಮ್ಮ ದೇಶದಲ್ಲೂ ಸತ್ತ ಕರುವಿನ ಚರ್ಮ ಬಳಸುವ ಪದ್ಧತಿಯಿತ್ತು, ಆದರೆ ಒಳಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿ ಹಾಲು ಕರೆದುಕೊಳ್ಳಲು. ಎರಡೂ ಮೋಸವೇ. ಆದರೂ ಅವೆರಡನ್ನು ಒಂದೇ ತಕ್ಕಡಿಯಲ್ಲಿ ಇಡಲು ನನ್ನಿಂದಾಗದು. ಒಂದರಲ್ಲಿ ಚರ್ಮದಡಿ ಹಸಿದ ಜೀವವಿದೆ.

ಹೀಗೆ ತಬ್ಬಲಿಯನ್ನು ಒಪ್ಪಿಕೊಂಡ ಹಸು ನಮ್ಮ ಹಿರಿಯರ ಕಣ್ಣಿಗೂ ಬಿದ್ದಿತ್ತು. ಅಗ್ನಿಹೋತ್ರಿಯೊಬ್ಬ ಪರಸ್ಥಳದಲ್ಲಿ ತೀರಿಕೊಂಡರೆ, ಬೇರೊಂದರ ಕರುವಿಗೆ ಹಾಲೂಡುವ ಹಸುವಿನ ಹಾಲಿನಿಂದ ಅವನ ಅಗ್ನಿಹೋತ್ರ ನಡೆಸಬೇಕೆಂದು ಐತರೇಯ ಬ್ರಾಹ್ಮಣ ಹೇಳುತ್ತದೆ. 1430ರ ಸಾವಿರ ಕಂಬದ ಬಸದಿಯಿರುವ ಮೂಡುಬಿದಿರೆಗೆ ಹೋದಾಗಲೆಲ್ಲ ನನಗೆ ಜೈನರ ಇನ್ನೊಂದು ಚಿತ್ರ ನೆನಪಾಗುತ್ತದೆ: ಹಸುವೂ ಸಿಂಹಿಣಿಯೂ ಒಂದೇ ಪಾತ್ರೆಗೆ ಬಾಯಿಟ್ಟಿವೆ, ಸಿಂಹದ ಮರಿ ಹಸುವಿನ ಮೊಲೆಯಲ್ಲಿ, ಕರು ಸಿಂಹಿಣಿಯ ಮೊಲೆಯಲ್ಲಿ. ಅಲ್ಲಿ ತೌಡೂ ಬೇಡ, ಉಪ್ಪೂ ಬೇಡ.

ನಮ್ಮ ಹಟ್ಟಿಯಲ್ಲಿ ಎಲ್ಲವೂ ಬೇಕಾಯಿತು. ಒಂದು ಸಂಜೆ ತಬ್ಬಲಿ ಹಿಂದಿನ ಜಾಗ ಬಿಟ್ಟು ಮಗ್ಗುಲಿಗೆ ಬಂದು ಕುಡಿಯಿತು. ಹಸು ಕತ್ತು ತಿರುಗಿಸಿ ಬಾಲದಡಿ ಮೂಸಿ, ನೆಕ್ಕತೊಡಗಿತು. ದೊಡ್ಡಮ್ಮ ತೌಡಿನ ಡಬ್ಬಿ ಎತ್ತಿ ಅಟ್ಟಕ್ಕಿಟ್ಟಳು. ಹಾಲು ಯಾಕೆ ಕಡಿಮೆಯಾಯಿತೆಂದು ಸೊಸೈಟಿಯಲ್ಲಿ ಕೇಳಿದಾಗ, ಎರಡು ಕರು ಕುಡಿಯುತ್ತವೆ ಎಂದು ಹೇಳಿ ಬಂದೆ. ಮಳೆಗಾಲ ಹಿಡಿಯುವವರೆಗೂ ನಮ್ಮ ಮನೆಯಿಂದ ಹೋಗುತ್ತಿದ್ದದ್ದು ಬೆಳಗಿನ ಹಾಲು ಮಾತ್ರ.