ಎಲ್ಲರಿಗೂ ಗೊತ್ತುಂಟಲ್ಲ

ವಾಟ್ಸಾಪ್ ಗ್ರೂಪಿಗೆ ಕಡ್ಡಿ ಇಟ್ಟ ಹೆಸರು 'ಗೋಕರ್ಣ ಕ್ರೂಸ್'. ಏಪ್ರಿಲ್ ಕೊನೆಯ ಶನಿವಾರ ಬೆಳಿಗ್ಗೆ ಏಳಕ್ಕೆ ಓಂ ಬೀಚಿನಲ್ಲಿ ನಮಗಾಗಿ ಕಾಯುತ್ತಿದ್ದ ಕ್ರೂಸು ನೋಡಿ ನಾಲ್ವರೂ ನಕ್ಕುಬಿಟ್ಟೆವು. ಒಂದು ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಎಂಜಿನ್ನು, ನೆತ್ತಿಗೆ ನೀಲಿ ಟಾರ್ಪಾಲು, ಕೂರಲು ಎರಡು ಅಡ್ಡ ಹಲಗೆ. "ಸ್ವಿಮ್ಮಿಂಗ್ ಪೂಲ್ ಎಲ್ಲಿ?" ಅಂತ ಮೇಷ್ಟ್ರು ಕೇಳಿದ. ದೋಣಿಯ ಅಣ್ಣ ನಗದೆ ಸಮುದ್ರದ ಕಡೆ ಕೈ ತೋರಿಸಿ, ನಾಲ್ಕು ಲೈಫ್ ಜಾಕೆಟ್ ಎಸೆದು, "ಮೊದ್ಲು ಇದು ಹಾಕಿ" ಅಂದರು.

ಕಡ್ಡಿ, ಮೇಷ್ಟ್ರು, ಅಜ್ಜಿ. ಎಲ್ಲ ಇಂಜಿನಿಯರಿಂಗ್ ಕಾಲದಲ್ಲಿ ಅಂಟಿಕೊಂಡ ಹೆಸರುಗಳು. ಕಡ್ಡಿ ಈಗ ಕಡ್ಡಿಯಾಗಿಲ್ಲ. ಮೇಷ್ಟ್ರು ಯಾವತ್ತೂ ಪಾಠ ಮಾಡಿದವನಲ್ಲ, ಕೊರೆಯುತ್ತಾನೆ ಅಷ್ಟೇ. ಅಜ್ಜಿಗೆ ಮೂವತ್ತೊಂದು ವರ್ಷ, ಅವಳ ಬ್ಯಾಗಿನಲ್ಲಿ ಶುಂಠಿಯಿಂದ ಹಿಡಿದು ಸೂಜಿದಾರದವರೆಗೆ ಎಲ್ಲ ಇರುತ್ತೆ. ವರ್ಷಕ್ಕೊಂದು ಸಲ ಹೀಗೆ ಒಟ್ಟಿಗೆ ಹೊರಡುವುದು ನಮ್ಮ ಪದ್ಧತಿ.

ಈ ಸಲ ಅವರ್ಯಾರಿಗೂ ಹೇಳದ ಒಂದು ವಿಷಯ ನನ್ನ ಹತ್ತಿರ ಇತ್ತು. ನನ್ನ ಕೆಲಸ ಹೋಗಿ ಆರು ವಾರ ಆಗಿತ್ತು. ಹತ್ತು ನಿಮಿಷದ ವಿಡಿಯೋ ಕಾಲ್, ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ಲಾಕ್. ಹಾಸನದಿಂದ ಅಮ್ಮ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ "ಆಫೀಸಿಂದ ಬಂದ್ಯಾ ಮಗಾ?" ಅಂತ ಕೇಳ್ತಿದ್ರು. ಬೆಳಿಗ್ಗೆಯಿಂದ ಕದಲದೆ ಕೂತ ಅದೇ ಹಾಸಿಗೆಯ ಮೇಲಿಂದ "ಈಗ ಬಂದೆ ಅಮ್ಮ" ಅಂತಿದ್ದೆ. ಗೋಕರ್ಣಕ್ಕೆ ಬರಲ್ಲ ಅನ್ನಬಹುದಿತ್ತು. ಆದರೆ ಯಾಕೆ ಅಂತ ಕೇಳ್ತಾರಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿ ಸ್ಲೀಪರ್ ಬಸ್ಸು ಹತ್ತಿದೆ.

ದೋಣಿ ದಕ್ಷಿಣಕ್ಕೆ ತಿರುಗಿತು. ದಡದಲ್ಲಿ ನಿಂತು ನೋಡುವ ಕರಾವಳಿಯೇ ಬೇರೆ, ನೀರಿನ ಮೇಲಿಂದ ನೋಡುವುದೇ ಬೇರೆ. ಇಲ್ಲಿ ಗುಡ್ಡಗಳು ನೇರ ಸಮುದ್ರಕ್ಕೇ ಇಳಿದುಬಿಟ್ಟಿವೆ. ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ಕಪ್ಪು ಬಂಡೆ, ಬಂಡೆಯ ಬುಡದಲ್ಲಿ ಅಲೆ ಒಡೆದು ಏಳುವ ಬಿಳಿ ನೊರೆ. ಹಾಫ್ ಮೂನ್ ಬೀಚಿಗೆ ಗಾಡಿ ಹೋಗುವ ರಸ್ತೆಯಿಲ್ಲ. ನಡೆಯಬೇಕು, ಇಲ್ಲವೇ ದೋಣಿ ಹಿಡಿಯಬೇಕು. ಗುಡ್ಡದಂಚಿನ ಕಾಲುದಾರಿಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡವರು ಇರುವೆ ಸಾಲಿನ ಹಾಗೆ ಹೋಗ್ತಿದ್ದರು. ಒಂದು ಕಡೆ ಡಾಲ್ಫಿನ್ನಿನ ಬೂದು ಬೆನ್ನು ಎರಡು ಸಲ ಎದ್ದು ಮುಳುಗಿತು. ಕಡ್ಡಿ ಕ್ಯಾಮೆರಾ ತೆಗೆಯುವಷ್ಟರಲ್ಲಿ ಬರೀ ನೀರು.

"ನಿನ್ ಪ್ರಾಜೆಕ್ಟ್ ಹೇಗಿದ್ಯೋ?" ಕಡ್ಡಿ ಕೇಳಿದ.

"ರಿಲೀಸ್ ಹತ್ರ ಬಂತು, ಹುಚ್ಚು ಹಿಡಿಯೋದೊಂದು ಬಾಕಿ" ಅಂದೆ. ಎಷ್ಟು ಸಲೀಸಾಗಿ ಬಂತು ಅಂದರೆ ಒಂದು ಕ್ಷಣ ನಾನೇ ನಂಬಿದೆ.

ಪ್ಯಾರಡೈಸ್ ಬೀಚಿಗಿಂತ ಮುಂಚೆ ಗುಡ್ಡದ ಮೂಗೊಂದು ಸಮುದ್ರಕ್ಕೆ ಚಾಚಿದೆ. ಅಲ್ಲಿ ನೀರು ಅಡ್ಡಾದಿಡ್ಡಿ. ದೋಣಿ ಮೇಲೆದ್ದು ದೊಪ್ಪನೆ ಬೀಳುತ್ತಿತ್ತು. ಈಜು ಬಾರದ ನಾನು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದೆ. ಮೂಗು ದಾಟಿದ ಮೇಲೆ ಬಗ್ಗಿ, ಬೆಳಗಿನ ಬನ್ಸು ಭಾಜಿ ಪೂರ್ತಿ ಅರಬ್ಬಿ ಸಮುದ್ರಕ್ಕೆ ಅರ್ಪಿಸಿದೆ. ಅಜ್ಜಿ ಬೆನ್ನು ತಿಕ್ಕಿ ಶುಂಠಿ ಚೂರು ಕೊಟ್ಟಳು. ಅಣ್ಣ ಎಂಜಿನ್ ಆಫ್ ಮಾಡಿದರು. "ದೂರ ನೋಡಿ. ಕೆಳಗೆ ನೋಡ್ಬೇಡಿ, ಸರಿಯಾಗ್ತದೆ."

ಸುಮ್ಮನಿರಲಾಗದೆ ಮಾತಿಗೆಳೆದೆ. ಈ ಕೆಲಸ ವರ್ಷವಿಡೀ ಇರುತ್ತಾ ಅಣ್ಣ? ಇಲ್ಲವಂತೆ. ವಾರಾಂತ್ಯ ಟೂರಿಸ್ಟು, ಉಳಿದ ದಿನ ಮೀನು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ. ಅದು ಮೀನು ಮರಿ ಮಾಡುವ ಕಾಲ, ಮೇಲಿಂದ ಮಳೆಗಾಲದ ಕಡಲು. ಯಾಂತ್ರೀಕೃತ ಬೋಟುಗಳೆಲ್ಲ 61 ದಿನ ದಡದಲ್ಲೇ. ಮಳೆಯಲ್ಲಿ ಟೂರಿಸ್ಟ್ ದೋಣಿಯೂ ಇಲ್ಲ.

"ಆಗ ಏನ್ ಮಾಡ್ತೀರಿ?"

"ಎಂತ ಮಾಡೂದು? ಬೋಟು ಮೇಲೆ ಹಾಕೂದು, ಬಲೆ ಹೊಲಿಯೂದು, ಸಾಲ ಮಾಡೂದು."

"ಮನೇಲಿ, ಊರಲ್ಲಿ ಏನೂ ಅನ್ನಲ್ವಾ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾದ ಹಾಗೆ ಕಾಣಲಿಲ್ಲ. "ಎಂತ ಅಂಬೂದು? ಎಲ್ಲರಿಗೂ ಗೊತ್ತುಂಟಲ್ಲ" ಅಂದು ಎಂಜಿನ್ನಿನ ಹಗ್ಗ ಎಳೆದರು.

ಅವರ ಸಾಲ ನನ್ನದಕ್ಕಿಂತ ಹಗುರ ಅಂತ ನಾನೇನೂ ಅಂದುಕೊಳ್ಳಲಿಲ್ಲ. ಆದರೆ ಆರು ವಾರದಿಂದ ನನ್ನನ್ನು ಸುಸ್ತು ಮಾಡಿದ್ದು ಕೆಲಸ ಇಲ್ಲದ್ದೋ, ಇದೆ ಅಂತ ನಟಿಸಿದ್ದೋ? ಮೊದಲ ಸಲ ಅನುಮಾನ ಬಂತು.

ಬೆಲೆಕಾನ ದಾಟಿದರೆ ತದಡಿ, ಅಘನಾಶಿನಿ ಸಮುದ್ರ ಸೇರುವ ಜಾಗ. ಇಳಿತದ ಹೊತ್ತು. ಸೊಂಟದವರೆಗಿನ ನೀರಿನಲ್ಲಿ ಹೆಂಗಸರು ನಿಂತು ಚಿಪ್ಪು ಆರಿಸುತ್ತಿದ್ದರು. ಮೇಷ್ಟ್ರ ಪಾಠ ಶುರುವಾಯಿತು: ಶಿರಸಿಯ ಕಡೆ ಹುಟ್ಟುವ ಈ ನದಿಗೆ ದಾರಿಯುದ್ದಕ್ಕೂ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ, 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದೆ, ಅಘನಾಶಿನಿ ಅಂದರೆ ಪಾಪ ತೊಳೆಯುವವಳು. "ಯಾರದ್ದಾದ್ರೂ ಪಾಪ ಇದ್ರೆ ಈಗ್ಲೇ ಹೇಳ್ಬಿಡಿ" ಅಂತ ಕಡ್ಡಿ ತಮಾಷೆ ಮಾಡಿದ. ಹೇಳುವುದಕ್ಕೆ ಅದಕ್ಕಿಂತ ಒಳ್ಳೇ ಅವಕಾಶ ಬೇಕಿತ್ತಾ? ನಾನು ಹೇಳಲಿಲ್ಲ. ಚಿಪ್ಪಿನ ಫೋಟೊ ತೆಗೆದೆ.

ಹೇಳಿದ್ದು ವಾಪಸ್ ಓಂ ಬೀಚಿಗೆ ಬಂದು ಊಟಕ್ಕೆ ಕೂತಾಗ. ಮೇಷ್ಟ್ರು ದೋಣಿ, ರೂಮು, ಬಂಗಡೆ ಫ್ರೈ ಎಲ್ಲ ಕೂಡಿಸಿ ನಾಲ್ಕರಿಂದ ಭಾಗಿಸಿ ಗ್ರೂಪಿಗೆ ಹಾಕಿದ. ಮೂವರೂ ಫೋನ್ ತೆಗೆದು ಯುಪಿಐ ಮಾಡಿದರು. ನಾನು ಆ ಅಂಕಿಯನ್ನೇ ನೋಡುತ್ತ ಕೂತೆ.

"ನಂದು ಸ್ವಲ್ಪ ಲೇಟಾಗುತ್ತೆ. ಕೆಲಸ ಹೋಗಿದೆ. ಮಾರ್ಚಲ್ಲೇ."

ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಿ, "ನಂಗೆ ಅನುಮಾನ ಇತ್ತು. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಮೊದಲನೇ ರಿಂಗಿಗೇ ಫೋನ್ ಎತ್ತಿದ್ಯಲ್ಲ" ಅಂದಳು. ಮೇಷ್ಟ್ರು ಗ್ರೂಪಿನ ಲೆಕ್ಕ ಅಳಿಸಿ ಮೂರರಿಂದ ಭಾಗಿಸಲು ಹೊರಟ. ಬೇಡ ಅಂದೆ. ನಿಧಾನಕ್ಕೆ ಕೊಡ್ತೀನಿ, ಆದ್ರೆ ಕೊಡ್ತೀನಿ.

ಕಡ್ಡಿಗೆ ಮಾತ್ರ ಸಿಟ್ಟು ಬಂತು. "ದುಬಾರಿ ರೂಮೇ ಬೇಕು ಅಂತ ಹಟ ಹಿಡಿದವನು ನಾನು. ಆಗ್ಲೂ ಸುಮ್ನಿದ್ಯಲ್ಲೋ. ನನ್ನನ್ನ ಯಾರು ಅಂದ್ಕೊಂಡಿದ್ದೀಯ?" ಅಷ್ಟು ಹೇಳಿ ಎದ್ದುಹೋದ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನವರೆಗೂ ಆ ಕಡೆ ತಿರುಗಿ ಮಲಗಿದ್ದ. ಅವನದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ಹೋಗಿ ನಾನು ಅವನನ್ನು ಹೊರಗಿನವನನ್ನಾಗಿ ಮಾಡಿದ್ದೆ.

ಭಾನುವಾರ ರಾತ್ರಿ ಒಂಬತ್ತಕ್ಕೆ ಅಮ್ಮನಿಗೆ ನಾನೇ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಿನಾ ಊಟ ಆದ್ರೂ ನಿಜವಾಗ್ಲೂ ಮಾಡ್ತಿದ್ಯೇನೋ?" ಅಂತ ಕೇಳಿದರು.

ಜೂನ್ 1, ಬೆಂಗಳೂರಿನಲ್ಲಿ ಸಂಜೆ ಜೋರು ಮಳೆ. ಗೋಕರ್ಣದಲ್ಲಿ ಬೋಟುಗಳು ದಡ ಹತ್ತಿರುತ್ತವೆ ಅಂದುಕೊಳ್ಳುತ್ತಿದ್ದಾಗ ಫೋನು ಸದ್ದು ಮಾಡಿತು. ತಿಂಗಳ ಮೇಲೆ ಕಡ್ಡಿಯ ಮೊದಲ ಮೆಸೇಜು: "ಬಲೆ ಹೊಲಿಯೋದು ಶುರು ಮಾಡಿದ್ಯಾ? ರೆಸ್ಯೂಮೆ ಕಳಿಸು, ನಮ್ಮಲ್ಲಿ ಒಂದು ಜಾಗ ಇದೆ. ಸಿಗುತ್ತೆ ಅಂತ ಹೇಳ್ತಿಲ್ಲ."

ಹಾಸಿಗೆ ಬಿಟ್ಟು ಮೇಜಿನ ಮುಂದೆ ಕೂತೆ. ರೆಸ್ಯೂಮೆಯ ಮೇಲ್ಸಾಲಿನಲ್ಲಿ 'ಇಲ್ಲಿಯವರೆಗೆ' ಅಂತ ಇದ್ದದ್ದನ್ನು ಅಳಿಸಿ 'ಮಾರ್ಚ್‌ವರೆಗೆ' ಅಂತ ಮಾಡಿ ಕಳಿಸಿದೆ.