ಒಳಪೆಡಲ್‌ಗೆ ಇಂಗ್ಲಿಷಿನಲ್ಲಿ ಏನಂತಾರೆ?

ಹೊರದೇಶಕ್ಕೆ ಹೊರಟವರಿಗೆಲ್ಲ ಐಇಎಲ್‌ಟಿಎಸ್ ಅನ್ನೋ ಪರೀಕ್ಷೆ ಗೊತ್ತೇ ಇರುತ್ತೆ. ಕೇಳೋದು, ಓದೋದು, ಬರೆಯೋದು, ಮಾತಾಡೋದು ಅಂತ ನಾಲ್ಕು ಭಾಗ. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದ ನಮ್ಮಂಥವರಿಗೆ ಮೊದಲ ಮೂರು ಹೇಗೋ ದಾಟಿಹೋಗುತ್ತೆ. ಎದೆ ಹೊಡೆದುಕೊಳ್ಳೋದು ಕೊನೆಯದಕ್ಕೆ. ಒಂದು ಕೋಣೆ, ಎದುರಿಗೆ ಒಬ್ಬ ಪರೀಕ್ಷಕರು, ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳೋ ಯಂತ್ರ. ಒಟ್ಟು 11ರಿಂದ 14 ನಿಮಿಷ. ನಡುವೆ ಒಂದು ಚೀಟಿ ಕೊಡ್ತಾರೆ. ಅದರಲ್ಲಿರೋ ವಿಷಯದ ಬಗ್ಗೆ ಒಂದು ನಿಮಿಷ ಯೋಚಿಸಿ, ಆಮೇಲೆ ಒಂದರಿಂದ ಎರಡು ನಿಮಿಷ ಒಬ್ಬರೇ ಮಾತಾಡಬೇಕು. ಗುರುತು ಹಾಕಿಕೊಳ್ಳೋಕೆ ಹಾಳೆ, ಪೆನ್ಸಿಲ್ ಅವರೇ ಕೊಡ್ತಾರೆ.

ನಾನು ಈ ಪರೀಕ್ಷೆಗೆ ಕೂತಿದ್ದು 2023ರಲ್ಲಿ, ಬೆಂಗಳೂರಿನಲ್ಲಿ. ಕೆನಡಾದ ಪಿಆರ್ ಅರ್ಜಿಗೆ ನಾನು ಲೆಕ್ಕ ಹಾಕಿದ್ದ ಅಂಕ ಸಿಗಬೇಕಾದರೆ ಮಾತಿನಲ್ಲಿ 9ಕ್ಕೆ 7 ಬರಲೇಬೇಕಿತ್ತು. ಬರದಿದ್ದರೆ ಅರ್ಜಿ ಹಿಂದೆ ಬೀಳುತ್ತೆ, ವಯಸ್ಸು ಮುಂದೆ ಹೋಗುತ್ತೆ!

ನನಗೆ ಬಂದ ಚೀಟಿ: ಚಿಕ್ಕಂದಿನಲ್ಲಿ ಕಲಿತ ಒಂದು ವಿದ್ಯೆ. ಏನು ಕಲಿತಿರಿ, ಯಾರು ಕಲಿಸಿದರು, ಹೇಗೆ ಕಲಿತಿರಿ, ಈಗ ಏನನ್ನಿಸುತ್ತೆ...

ಸೈಕಲ್ ಅಂತ ಬರೆದುಕೊಂಡೆ. ಇದಕ್ಕೆ ಕೋಚಿಂಗ್ ಕ್ಲಾಸಿನ ಸಿದ್ಧ ಉತ್ತರ ನನ್ನ ಹತ್ತಿರ ಇತ್ತು. ಸೈಕಲ್ ಆರೋಗ್ಯಕ್ಕೆ ಒಳ್ಳೆಯದು, ಪರಿಸರಕ್ಕೆ ಒಳ್ಳೆಯದು, ಜೇಬಿಗೂ ಒಳ್ಳೆಯದು. ನಡುನಡುವೆ ಉದುರಿಸೋಕೆ ನಾಲ್ಕು ದೊಡ್ಡ ಪದಗಳು. ಆದರೆ ಆ ಒಂದು ನಿಮಿಷದಲ್ಲಿ ಕಣ್ಣಮುಂದೆ ಬಂದಿದ್ದು ನಮ್ಮಪ್ಪನ ಕರೀ ಅಟ್ಲಾಸ್ ಸೈಕಲ್. ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನು, ಸಂಜೆ ಹಿಂದಿನ ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ. ಈ ಎರಡರ ಮಧ್ಯೆ ಅಪ್ಪ ಊಟ ಮಾಡಿ ಮಲಗಿದ ಒಂದು ಗಂಟೆ ಮಾತ್ರ ಸೈಕಲ್ ನಮ್ಮದು. ಆ ಸೈಕಲ್ಲಿನ ಸೀಟು ನನ್ನ ಎದೆಯ ಎತ್ತರಕ್ಕಿತ್ತು. ಕಲಿಯೋಕೆ ಇದ್ದದ್ದು ಒಂದೇ ದಾರಿ, ಒಳಪೆಡಲ್.

ಈಗ ಒಳಪೆಡಲ್‌ಗೆ ಇಂಗ್ಲಿಷಿನಲ್ಲಿ ಏನನ್ನೋದು?

ಪದ ಹೊಳೀಲಿಲ್ಲ. ಹಾಗಾಗಿ ಬಿಡಿಸಿ ಹೇಳಿದೆ. ಸೈಕಲ್ಲಿನ ಎಡಗಡೆ ನಿಲ್ಲಬೇಕು. ಬಾರ್ ಕೆಳಗಿನ ತ್ರಿಕೋನದೊಳಗೆ ಬಲಗಾಲು ತೂರಿಸಿ ಆಚೆಕಡೆಯ ಪೆಡಲ್ ಮೇಲಿಡಬೇಕು. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಬಾರನ್ನು ಅಪ್ಪಿಕೊಂಡಿರಬೇಕು. ಮೈಯೆಲ್ಲ ಒಂದು ಕಡೆ, ಸೈಕಲ್ ಇನ್ನೊಂದು ಕಡೆ ವಾಲಿರುತ್ತೆ. ಪೆಡಲ್ ಪೂರ್ತಿ ಸುತ್ತಲ್ಲ, ಅರ್ಧ ತುಳಿದು ವಾಪಸ್, ಅರ್ಧ ತುಳಿದು ವಾಪಸ್... ಒಳಪೆಡಲ್ ಬಂದಮೇಲೆ ಬಾರ್ ಮೇಲೆ ಕೂರೋ ಬಡ್ತಿ, ಆಮೇಲೆ ಸೀಟು. ಸೀಟಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕಲ್ಲ, ಹಾಗಾಗಿ ನಿಲ್ಲಿಸೋಕೆ ಒಂದು ಮೈಲಿಗಲ್ಲೋ ಮನೆ ಜಗುಲಿಯೋ ಬೇಕು. ಅದು ಸಿಗೋವರೆಗೂ ತುಳೀತಾನೇ ಇರಬೇಕು!

ಇಷ್ಟನ್ನೂ ಸಣ್ಣಸಣ್ಣ ವಾಕ್ಯದಲ್ಲಿ ಹೇಳಿದೆ. ಕೈಯಲ್ಲಿ ತ್ರಿಕೋನ ಮಾಡಿ ತೋರಿಸಿದೆ. ಸಿದ್ಧ ಉತ್ತರದ ಒಂದು ಪದವೂ ನೆನಪಿಗೆ ಬರಲಿಲ್ಲ, ಬೇಕು ಅಂತಲೂ ಅನ್ನಿಸಲಿಲ್ಲ. ಆ ಎರಡು ನಿಮಿಷ ನಾನು ಮನಸ್ಸಿನಲ್ಲಿ ಕನ್ನಡದಿಂದ ಅನುವಾದ ಮಾಡ್ತಾ ಇರಲಿಲ್ಲ, ಸೈಕಲ್ ನೋಡಿಕೊಂಡು ಮಾತಾಡ್ತಾ ಇದ್ದೆ. ಪರೀಕ್ಷಕಿಯ ಮುಖದಲ್ಲಿ ನಗುವೂ ಇಲ್ಲ, ಬೇಸರವೂ ಇಲ್ಲ. ಮುಗಿಸಿದ ಮೇಲೆ ಒಂದೇ ಪ್ರಶ್ನೆ: ಈಗಲೂ ಸೈಕಲ್ ತುಳೀತೀರಾ?

ಇಲ್ಲ, ನಮ್ಮಪ್ಪ ತುಳೀತಾರೆ ಅಂದೆ.

7 ಬೇಕಿತ್ತು, 7.5 ಬಂತು. ಈ ಪರೀಕ್ಷೆಯಲ್ಲಿ ಅಂಕ ಕೊಡೋದು ನಾಲ್ಕು ವಿಷಯಕ್ಕೆ. ಮಾತು ತಡವರಿಸದೆ ಒಂದಕ್ಕೊಂದು ಹೊಂದಿಕೊಂಡು ಹರಿಯುತ್ತಾ, ಪದಸಂಪತ್ತು ಹೇಗಿದೆ, ವ್ಯಾಕರಣ ಹೇಗಿದೆ, ಉಚ್ಚಾರಣೆ ತಿಳಿಯುತ್ತಾ. ನಾಲ್ಕಕ್ಕೂ ಸಮಪಾಲು. ನಿಮ್ಮ ವಿಚಾರ ಎಷ್ಟು ದೊಡ್ಡದು ಅನ್ನೋದಕ್ಕೆ ಅಂಕ ಇಲ್ಲ. ಪದ ಗೊತ್ತಿಲ್ಲದಾಗ ಸುತ್ತಿಬಳಸಿ ಅರ್ಥ ಮಾಡಿಸೋದಕ್ಕೆ ಮಾತ್ರ ಬೆಲೆ ಇದೆ. ಪರೀಕ್ಷೆಗೆ ಹೊರಟವರು ಯಾರಾದರೂ ಇದನ್ನು ಓದ್ತಿದ್ದರೆ ಇಷ್ಟು ನೆನಪಿಟ್ಟುಕೊಳ್ಳಿ. ನಿಮ್ಮ ಕೈಕಾಲಿಗೆ ಗೊತ್ತಿರೋದನ್ನು ಹೇಳಿ, ಇಂಗ್ಲಿಷು ಹಿಂದೆಯೇ ಬರುತ್ತೆ.

ಆಮೇಲೆ ಕುತೂಹಲಕ್ಕೆ ವಿಚಾರಿಸಿದೆ. ಹಿಂದಿಯವರು ಒಳಪೆಡಲ್‌ಗೆ 'ಕೈಂಚಿ' ಅಂತಾರೆ, ಅಂದರೆ ಕತ್ತರಿ. ತಮಿಳರು 'ಕುರಂಗು ಪೆಡಲ್', ಕೋತಿ ಪೆಡಲ್. ಅದೇ ಹೆಸರಿನ ತಮಿಳು ಸಿನಿಮಾ 2024ರಲ್ಲಿ ಬಂತು. ದೊಡ್ಡವರ ಸೈಕಲ್ಲಿನಲ್ಲೇ ಮಕ್ಕಳು ಕಲಿಯಬೇಕಾದ ಕಡೆಯಲ್ಲೆಲ್ಲ ಒಂದೊಂದು ಹೆಸರು ಹುಟ್ಟಿದೆ. ಇಂಗ್ಲಿಷಿನ 'ರೈಡ್' ಕುದುರೆ ಸವಾರಿಗೂ ಅದೇ, ಸೈಕಲ್ಲಿಗೂ ಅದೇ. ನಾವು ಸೈಕಲ್ ಸವಾರಿ ಮಾಡಿದ್ದಕ್ಕಿಂತ ತುಳಿದದ್ದೇ ಹೆಚ್ಚು. ಗೋಡೆಗೆ ಮಣ್ಣು ತುಳಿಯೋ ಹಾಗೆ, ಅದೂ ಒಂದು ಕೆಲಸ.

ಪರೀಕ್ಷಕಿಯ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು. ಕರ್ನಾಟಕದಲ್ಲಿ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರದಿಂದಲೇ ಸೈಕಲ್ ಕೊಡೋಕೆ ಶುರುವಾಯ್ತು. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಅಂತ ಬಾಡಿಗೆ ಸೈಕಲ್ ಬಂತು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸೈಕಲ್ಲಿಗೆ ಅಂತ ಪಟ್ಟಿ ಎಳೆದರು. ಆದರೂ ನಮ್ಮೂರ ಕಡೆ ಒಬ್ಬ ಮನುಷ್ಯ ಮುಂದೆ ಬಂದ ಅನ್ನೋದಕ್ಕೆ ಗುರುತು ಅಂದರೆ ಅವನು ಸೈಕಲ್ ಬಿಟ್ಟದ್ದು. ಮೊದಲು ಮೊಪೆಡ್, ಆಮೇಲೆ ಬೈಕ್, ಕಾರು. ನಾನೂ ಹಾಗೇ ಬಿಟ್ಟವನು. ಆ ಸೈಕಲ್ಲಿನಲ್ಲಿ ಡೈರಿಗೆ ಹೋದ ಹಾಲೇ ನನ್ನ ಫೀಸಾಯ್ತು, ಫೀಸು ನನ್ನನ್ನು ಈ ಪರೀಕ್ಷೆಯವರೆಗೆ ತಂದು ಕೂರಿಸಿತು. ಎರಡು ನಿಮಿಷದಲ್ಲಿ ಇದನ್ನು ಹೇಳೋಕಾಗಲಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಪದಗಳೆಲ್ಲ ಇದ್ದವು, ಅಲ್ಲಿ ಕೇಳೋರು ಇರಲಿಲ್ಲ ಅಷ್ಟೆ.

ಫಲಿತಾಂಶ ಬಂದ ದಿನ ಅಪ್ಪನಿಗೆ ಫೋನು ಮಾಡಿದೆ.

"ಏನ್ ಕೇಳಿದ್ರು ಮಗ?"

"ಚಿಕ್ಕೋನಿದ್ದಾಗ ಏನ್ ಕಲ್ತೆ ಅಂದ್ರು. ನಮ್ ಸೈಕಲ್ ಬಗ್ಗೆ ಹೇಳ್ದೆ ಕಣಪ್ಪ."

"ಸೈಕಲ್ ಬಗ್ಗೆ ಹೇಳಕ್ಕೆ ಅಷ್ಟೊಂದ್ ದುಡ್ಡು ಕಟ್ಟಿದ್ಯಾ!"

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಂದಿನ ಟೈರ್ ಹೋಗದೆ, ಹೊಸದು ಹಾಕ್ಸ್ಬೇಕು" ಅಂದರು. ಯಾವಾಗ ಹೊರಡ್ತೀಯ ಅಂತ ಕೇಳಲಿಲ್ಲ.

ನಿಮ್ಮ ಕಡೆ ಒಳಪೆಡಲ್‌ಗೆ ಏನಂತಿದ್ರಿ? ಬೇರೆ ಹೆಸರಿದ್ದರೆ ಖಂಡಿತ ತಿಳಿಸಿ. ಮೊದಲ ಸಲ ಬಿದ್ದಾಗ ಆದ ಮಂಡಿಯ ಕಲೆ ಇನ್ನೂ ಇದ್ದರೆ ಅದರ ಕಥೆಯನ್ನೂ ಹೇಳಿ :)